ಆನಗೋಡು ಎಂಬ ಪದದ ಕಾಗುಣಿತ: ಕನ್ನಡ ಡಿಟಿಪಿಯಲ್ಲಿ ಫಾಂಟು ಮತ್ತು ಪದಪಟ್ಟಿಗಳ ಚರಿತ್ರೆ

ದಾವಣಗೆರೆ ತಾಲ್ಲೂಕಿನ ಹೋಬಳಿ ಕೇಂದ್ರವಾದ ಆನಗೋಡು, ಚಿತ್ರದುರ್ಗದ ಕಡೆಯಿಂದ ಹೆದ್ದಾರಿಯಲ್ಲಿ ಬರುವವರಿಗೆ ದಾವಣಗೆರೆ ನಗರಕ್ಕಿಂತ ಮೊದಲು ಎದುರಾಗುತ್ತದೆ. ನಗರವನ್ನು ದಾಟಿ ಅದೇ ದಿಕ್ಕಿನಲ್ಲಿ ಮುಂದುವರಿದರೆ ತುಂಗಭದ್ರೆಯ ದಡದ ಹರಿಹರ ಸಿಗುತ್ತದೆ. ಈ ಮೂರು ಊರುಗಳ ಹೆಸರುಗಳು ಕನ್ನಡ ನಾಮಪದದ ಮೂರು ಬೇರೆ ಬೇರೆ ವರ್ಗಗಳಿಗೆ ಸೇರಿರುವುದು ಕೇವಲ ಆಕಸ್ಮಿಕವಾದರೂ, ಇಲ್ಲಿ ಹೇಳಬೇಕಾದ ಚರಿತ್ರೆಗೆ ಒದಗಿಬಂದ ಆಕಸ್ಮಿಕ. ಆನಗೋಡು ಉಕಾರಾಂತ, ದಾವಣಗೆರೆ ಎಕಾರಾಂತ, ಹರಿಹರ ಅಕಾರಾಂತ. ಆದ್ದರಿಂದ ಷಷ್ಠಿಯಲ್ಲಿ ಆನಗೋಡಿನ, ದಾವಣಗೆರೆಯ, ಹರಿಹರದ ಎಂದೂ, ಚತುರ್ಥಿಯಲ್ಲಿ ಆನಗೋಡಿಗೆ, ದಾವಣಗೆರೆಗೆ, ಹರಿಹರಕ್ಕೆ ಎಂದೂ ರೂಪಗಳು ಕವಲೊಡೆಯುತ್ತವೆ. ಶಾಲೆಯ ಮೆಟ್ಟಿಲು ಹತ್ತದ ಮಗುವೂ ತಪ್ಪಿಲ್ಲದೆ ಆಡುವ ಈ ಭೇದವನ್ನು ಅಚ್ಚಿನ ಕೆಲಸಕ್ಕೆ ಬಳಸುವ ಕಂಪ್ಯೂಟರು ಬಹಳ ಕಾಲ ಅರಿಯಲಿಲ್ಲ. ಅದಕ್ಕೂ ಮೊದಲು, ಆನಗೋಡು ಎಂಬುದು ಒಂದು ಕನ್ನಡ ಪದ ಎಂಬಷ್ಟನ್ನೂ ಅದು ಅರಿತಿರಲಿಲ್ಲ. ಕನ್ನಡ ಡಿಟಿಪಿಯಲ್ಲಿ, ಅಂದರೆ ಮೇಜಿನ ಮೇಲಿನ ಕಂಪ್ಯೂಟರಿನಲ್ಲಿಯೇ ಪುಟ ಕಟ್ಟಿ ಅಚ್ಚಿಗೆ ಅಣಿಗೊಳಿಸುವ ಕಸುಬಿನಲ್ಲಿ, ಫಾಂಟಿನ ತೊಡಕು ಮತ್ತು ಕಾಗುಣಿತ ಪರೀಕ್ಷೆಯ ತೊಡಕು ಎರಡು ಬೇರೆ ಸಮಸ್ಯೆಗಳಂತೆ ಕಂಡರೂ ಅವುಗಳ ಬೇರು ಒಂದೇ. ಆ ಬೇರು ಕಂಪ್ಯೂಟರಿಗಿಂತ ಹಳೆಯದು.

ಕನ್ನಡದ ಅಚ್ಚಿನ ಇತಿಹಾಸವನ್ನು ಸಾಮಾನ್ಯವಾಗಿ 1817ರಲ್ಲಿ ಶ್ರೀರಾಮಪುರದಲ್ಲಿ ಪ್ರಕಟವಾದ ವಿಲಿಯಂ ಕೇರಿಯ ಕನ್ನಡ ವ್ಯಾಕರಣದಿಂದ ಎಣಿಸಲಾಗುತ್ತದೆ. 1843ರ ಜುಲೈ 1ರಂದು ಹೆರ್ಮನ್ ಮೊಗ್ಲಿಂಗ್ ಹೊರಡಿಸಿದ ‘ಮಂಗಳೂರ ಸಮಾಚಾರ’ ಕಲ್ಲಚ್ಚಿನ ಪತ್ರಿಕೆಯಾಗಿತ್ತು. ಕಲ್ಲಚ್ಚಿನಲ್ಲಿ ಬರೆದದ್ದನ್ನು ಬರೆದಂತೆಯೇ ಒತ್ತುವುದರಿಂದ ಅಕ್ಷರವನ್ನು ಒಡೆಯುವ ಪ್ರಶ್ನೆಯೇ ಹುಟ್ಟುವುದಿಲ್ಲ. ಸೀಸದ ಮೊಳೆಗಳ ಮುದ್ರಣ ಬಂದಾಗ ಮಾತ್ರ ಆ ಪ್ರಶ್ನೆ ತಪ್ಪಿಸಿಕೊಳ್ಳಲಾಗದಂತೆ ಎದುರಾಯಿತು. ಕನ್ನಡದ ಪ್ರತಿಯೊಂದು ವ್ಯಂಜನಕ್ಕೂ ಗುಣಿತಾಕ್ಷರಗಳು ಹತ್ತಾರು, ಒತ್ತಕ್ಷರ ಸೇರಿದರೆ ಸಾಧ್ಯತೆಗಳು ಸಾವಿರಾರು. ಅಷ್ಟಕ್ಕೂ ಒಂದೊಂದು ಮೊಳೆ ಎರಕ ಹೊಯ್ಯುವುದು ಆಗದ ಮಾತಾದ್ದರಿಂದ ಅಕ್ಷರದ ಒಡಲು, ತಲೆಕಟ್ಟು, ಕೊಂಬು, ದೀರ್ಘ, ಒತ್ತು ಎಂದು ಬಿಡಿಸಿ, ಬಿಡಿ ತುಣುಕುಗಳನ್ನು ಕೇಸು ಎಂಬ ಮರದ ಖಾನೆಗಳ ಪೆಟ್ಟಿಗೆಯಲ್ಲಿ ಹರಡಿಟ್ಟು, ಕಂಪೋಸಿಟರನ ಬೆರಳು ಅವನ್ನು ಸಾಲಿನಲ್ಲಿ ಕೂಡಿಸುವಂತೆ ವ್ಯವಸ್ಥೆಯಾಯಿತು. ಮೊಳೆಗೆ ಭಾಷೆ ತಿಳಿಯಬೇಕಿರಲಿಲ್ಲ. ತಿಳಿಯಬೇಕಾಗಿದ್ದದ್ದು ಅದನ್ನು ಜೋಡಿಸುವವನಿಗೆ ಮತ್ತು ಆಮೇಲೆ ಕರಡು ತಿದ್ದುವವನಿಗೆ. ಕಿಟೆಲ್ ನಿಘಂಟು 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದದ್ದೂ, 1922ರಲ್ಲಿ ಎಂ. ವೆಂಕಟಕೃಷ್ಣಯ್ಯನವರ ಅಧ್ಯಕ್ಷತೆಯಲ್ಲಿ ದಾವಣಗೆರೆಯಲ್ಲಿ ಸಾಹಿತ್ಯ ಸಮ್ಮೇಳನ ನಡೆದದ್ದೂ ಈ ಮೊಳೆಯ ಯುಗದಲ್ಲಿಯೇ. ಹತ್ತಿಯ ಗಿರಣಿಗಳಿಂದಲೂ ದಲ್ಲಾಳಿ ಮಂಡಿಗಳಿಂದಲೂ ಬೆಳೆದ ಈ ವ್ಯಾಪಾರದ ಊರಿಗೆ ಲೆಕ್ಕದ ಪುಸ್ತಕ, ರಸೀದಿ, ಕರಪತ್ರ, ಲಗ್ನಪತ್ರಿಕೆಗಳು ಸದಾ ಬೇಕಾಗಿದ್ದವು. ಆ ಬೇಡಿಕೆಯನ್ನು ಪೂರೈಸುವುದೇ ಸಣ್ಣ ಅಚ್ಚುಕೂಟಗಳ ಬದುಕಾಗಿತ್ತು.

ಇದೇ ನಗರದಲ್ಲಿ ಜಿ. ಎಸ್. ಶಿವರುದ್ರಪ್ಪನವರ ಅಧ್ಯಕ್ಷತೆಯ ಸಮ್ಮೇಳನ ಸೇರಿದ 1992ರ ಹೊತ್ತಿಗೆ ಅಚ್ಚಿನ ಕಸುಬು ಮಗ್ಗುಲು ಬದಲಿಸುತ್ತಿತ್ತು. 1985ರಲ್ಲಿ ಆಲ್ಡಸ್ ಸಂಸ್ಥೆ ಹೊರತಂದ ಪೇಜ್‌ಮೇಕರ್, ಅದರ ಬೆನ್ನಿಗೇ ಬಂದ ವೆಂಚುರಾ ಮತ್ತು ಕ್ವಾರ್ಕ್ ಎಕ್ಸ್‌ಪ್ರೆಸ್ ಎಂಬ ತಂತ್ರಾಂಶಗಳು ಪುಟವಿನ್ಯಾಸವನ್ನು ಪರದೆಯ ಮೇಲೆ ತಂದಿದ್ದವು. ಆದರೆ ಇವು ಯಾವುವೂ ಕನ್ನಡವನ್ನು ಎಣಿಕೆಗೆ ತೆಗೆದುಕೊಂಡು ಹುಟ್ಟಿದವಲ್ಲ. ಅಂದಿನ ಫಾಂಟು, ಅಂದರೆ ಅಕ್ಷರರೂಪಗಳನ್ನು ಸಂಖ್ಯೆಗಳಿಗೆ ಹೊಂದಿಸಿ ಕಟ್ಟಿದ ಕಡತ, ಹೆಚ್ಚೆಂದರೆ 256 ಸ್ಥಾನಗಳನ್ನು ಹೊಂದಿರುತ್ತಿತ್ತು; ಅದರಲ್ಲಿಯೂ ಕೆಲವು ಸ್ಥಾನಗಳು ಯಂತ್ರದ ಸ್ವಂತ ಬಳಕೆಗೆ ಮೀಸಲು. ಕನ್ನಡದ ತಂತ್ರಜ್ಞರು ಹಿಡಿದ ದಾರಿ ಕಂಪೋಸಿಟರನ ಕೇಸಿನ ದಾರಿಯೇ: ಅಕ್ಷರವನ್ನು ತುಣುಕುಗಳಾಗಿ ಒಡೆದು, ಇಂಗ್ಲಿಷ್ ಹಾಗೂ ಯುರೋಪಿನ ಇತರ ಭಾಷೆಗಳ ಅಕ್ಷರಗಳಿಗೆ ಮೀಸಲಾದ ಸ್ಥಾನಗಳಲ್ಲಿ ಆ ತುಣುಕುಗಳನ್ನು ಕೂರಿಸುವುದು. ಪುಣೆಯ ಮಾಡ್ಯುಲರ್ ಸಂಸ್ಥೆಯ ಶ್ರೀಲಿಪಿ, ಬೆಂಗಳೂರಿನ ಸೈಬರ್‌ಸ್ಕೇಪ್ ಸಂಸ್ಥೆಯ ಆಕೃತಿ, ಸೊನಾಟಾದ ಪ್ರಕಾಶಕ್, ಕೆ. ಪಿ. ರಾವ್ ಅವರು ವಿದ್ವಾಂಸ ಸೇಡಿಯಾಪು ಕೃಷ್ಣಭಟ್ಟರ ಹೆಸರಿಟ್ಟು ರೂಪಿಸಿದ ಸೇಡಿಯಾಪು, 1998ರಲ್ಲಿ ಶೇಷಾದ್ರಿವಾಸು ಅವರು ಹೊರತಂದ ಬರಹ, ಮುಂದೆ ಕನ್ನಡ ಗಣಕ ಪರಿಷತ್ತಿನ ನುಡಿ, ಇವೆಲ್ಲವೂ ಮೊದಮೊದಲು ಈ ದಾರಿಯಲ್ಲಿಯೇ ನಡೆದವು. ತೊಡಕೆಂದರೆ ಯಾವ ತುಣುಕಿಗೆ ಯಾವ ಸ್ಥಾನ ಎಂಬುದನ್ನು ಆರಂಭದಲ್ಲಿ ಒಬ್ಬೊಬ್ಬರು ಒಂದೊಂದು ಬಗೆಯಾಗಿ ನಿರ್ಧರಿಸಿದ್ದರು.

ನುಡಿಯ ವ್ಯವಸ್ಥೆಯಲ್ಲಿ ಆನಗೋಡು ಎಂಬ ನಾಲ್ಕಕ್ಷರದ ಹೆಸರು ಕಡತದೊಳಗೆ ಹತ್ತು ತುಣುಕುಗಳಾಗಿ ಕೂರುತ್ತದೆ. ಆಕಾರಕ್ಕೆ ಇಂಗ್ಲಿಷಿನ ದೊಡ್ಡ ಡಿ ಅಕ್ಷರದ ಸ್ಥಾನ. ನಕಾರದ ಒಡಲಿಗೆ ಬ್ರಿಟನ್ನಿನ ಪೌಂಡ್ ನಾಣ್ಯದ ಗುರುತಿನ ಸ್ಥಾನ, ಅದರ ತಲೆಕಟ್ಟಿಗೆ ನೆತ್ತಿಯ ಮೇಲೆ ಓರೆಗೆರೆ ಹೊತ್ತ ಎ ಅಕ್ಷರದ ಸ್ಥಾನ. ಗೋ ಎಂಬ ಒಂದು ಅಕ್ಷರಕ್ಕೆ ಒಡಲು, ಎತ್ವ, ಕೊಂಬು, ದೀರ್ಘ ಎಂದು ನಾಲ್ಕು. ಡು ಎಂಬುದಕ್ಕೆ ಒಡಲು, ತಲೆಕಟ್ಟು, ಕೊಂಬು ಎಂದು ಮೂರು. ನುಡಿ ಫಾಂಟು ಇರುವ ಯಂತ್ರದಲ್ಲಿ ಇವೆಲ್ಲ ಕೂಡಿ ಅಚ್ಚುಕಟ್ಟಾದ ಆನಗೋಡು ಆಗುತ್ತದೆ. ಫಾಂಟು ಇಲ್ಲದ ಯಂತ್ರದಲ್ಲಿ ಅದೇ ಕಡತ ತೆರೆದರೆ ಪೌಂಡಿನ ಗುರುತುಗಳೂ ಓರೆಗೆರೆಯ ಎಗಳೂ ಎರಚಿದ ಒಂದು ಸಾಲು ಕಾಣಿಸುತ್ತದೆ. ಶ್ರೀಲಿಪಿಯ ಫಾಂಟನ್ನು ತಪ್ಪಾಗಿ ಹಚ್ಚಿದರೆ ಕನ್ನಡದ ತುಣುಕುಗಳೇ ಕಾಣಿಸಿದರೂ ಯಾವ ನಾಲಿಗೆಯೂ ಉಚ್ಚರಿಸಲಾಗದ ಪದ ಕಾಣಿಸುತ್ತದೆ. ತೊಂಬತ್ತರ ದಶಕದಿಂದ ಸುಮಾರು ಇಪ್ಪತ್ತು ವರ್ಷ ಕರ್ನಾಟಕದ ಡಿಟಿಪಿ ಅಂಗಡಿಗಳ ದಿನದ ದುಡಿಮೆಯಲ್ಲಿ ದೊಡ್ಡ ಪಾಲು ಈ ಒಗಟನ್ನು ಬಿಡಿಸುವುದಕ್ಕೇ ಸಂದಿದೆ. ಗಿರಾಕಿ ಫ್ಲಾಪಿಯಲ್ಲಿ ತಂದ ಬರಹ ಯಾವ ಫಾಂಟಿನದು, ಆ ಫಾಂಟಿನ ಯಾವ ಆವೃತ್ತಿಯದು, ಅದನ್ನು ತೆರೆಯಲು ಬೇಕಾದ ಬೀಗದ ಸಾಧನ (ಪರವಾನಗಿ ಇಲ್ಲದ ಬಳಕೆ ತಡೆಯಲು ಕಂಪ್ಯೂಟರಿನ ಹಿಂಬದಿಗೆ ಸಿಕ್ಕಿಸುವ ಡಾಂಗಲ್) ಯಾವ ಅಂಗಡಿಯಲ್ಲಿದೆ ಎಂಬ ವಿಚಾರಣೆ ಮುಗಿದ ಮೇಲೆಯೇ ಪುಟ ಕಟ್ಟುವ ಕೆಲಸ ಆರಂಭವಾಗುತ್ತಿತ್ತು.

ಫಾಂಟಿನ ಈ ಉಪಾಯದ ಫಲವಾಗಿಯೇ ಕಾಗುಣಿತ ಪರೀಕ್ಷೆ ಕನ್ನಡಕ್ಕೆ ಶತ್ರುವಾಗಿ ಬಂತು. ಕಾಗುಣಿತ ಪರೀಕ್ಷಕ ಎಂದರೆ ಬರಹದ ಪ್ರತಿಯೊಂದು ಪದವನ್ನೂ ತನ್ನೊಳಗಿನ ಪದಪಟ್ಟಿಯೊಂದಿಗೆ ಹೋಲಿಸಿ, ಪಟ್ಟಿಯಲ್ಲಿ ಇಲ್ಲದ್ದರ ಕೆಳಗೆ ಕೆಂಪು ಗೆರೆ ಎಳೆಯುವ ವ್ಯವಸ್ಥೆ. ಕಡತದಲ್ಲಿ ಇರುವುದು ಇಂಗ್ಲಿಷ್ ಅಕ್ಷರಗಳೆಂದೇ ನಂಬಿದ್ದ ಯಂತ್ರ ಕನ್ನಡದ ಪ್ರತಿಯೊಂದು ಪದದ ಕೆಳಗೂ ಗೆರೆ ಎಳೆಯುತ್ತಿತ್ತು. ಅಷ್ಟಕ್ಕೆ ನಿಲ್ಲದೆ, ವಾಕ್ಯದ ಮೊದಲ ಅಕ್ಷರ ದೊಡ್ಡದಾಗಿರಬೇಕು ಎಂಬ ಇಂಗ್ಲಿಷ್ ನಿಯಮವನ್ನು ತಾನಾಗಿಯೇ ಹೇರುವ ಸೌಲಭ್ಯ ಜಾಗೃತವಾಗಿದ್ದರೆ ಅನಾಹುತ ಇನ್ನೂ ಸ್ವಾರಸ್ಯಕರ. ನುಡಿಯಲ್ಲಿ ಸಣ್ಣ ಆರ್ ಅಕ್ಷರದ ಸ್ಥಾನದಲ್ಲಿ ಡಿ, ದೊಡ್ಡ ಆರ್ ಅಕ್ಷರದ ಸ್ಥಾನದಲ್ಲಿ ಖ ಇರುವುದರಿಂದ, ವಾಕ್ಯದ ಆರಂಭದ ಡಿಸೆಂಬರ್ ಎಂಬ ಪದ ಕಣ್ಣೆದುರೇ ಖಸೆಂಬರ್ ಆಗಿಬಿಡುತ್ತಿತ್ತು. ಸಾಲಿನ ಕೊನೆಯಲ್ಲಿ ಪದವನ್ನು ತುಂಡರಿಸಿ ಅಡ್ಡಗೆರೆ ಹಾಕುವ ನಿಯಮವೂ ಇಂಗ್ಲಿಷಿನದೇ ಆಗಿದ್ದುದರಿಂದ ಅಕ್ಷರ ಒಂದು ಸಾಲಿನಲ್ಲಿ, ಅದರ ಒತ್ತು ಮುಂದಿನ ಸಾಲಿನಲ್ಲಿ ಬೀಳುವುದೂ ಉಂಟಾಯಿತು. ಹೀಗಾಗಿ ಡಿಟಿಪಿ ಕಲಿಯಲು ಬಂದವರಿಗೆ ಹೇಳಿಕೊಡುತ್ತಿದ್ದ ಮೊದಲ ಪಾಠಗಳಲ್ಲಿ ಒಂದು, ತಂತ್ರಾಂಶ ತೆರೆದ ಕೂಡಲೇ ಕಾಗುಣಿತ ಪರೀಕ್ಷೆ, ತಾನಾಗಿ ತಿದ್ದುವ ಸೌಲಭ್ಯ, ಪದ ಮುರಿಯುವ ಸೌಲಭ್ಯ ಮೂರನ್ನೂ ಆರಿಸಿಬಿಡುವುದು. ಅಂದಿಗೆ ಆ ಪಾಠ ಸರಿಯಾಗಿಯೇ ಇತ್ತು. ಅದು ಇಂದಿಗೂ ಉಳಿದುಕೊಂಡಿರುವುದು ಕನ್ನಡದ ಅಚ್ಚಿಗೆ ಆಗಿರುವ ದೊಡ್ಡ ನಷ್ಟಗಳಲ್ಲಿ ಒಂದು. ಏಕೆಂದರೆ ಆರಿಸಿಟ್ಟ ದೀಪವನ್ನು ಮತ್ತೆ ಹಚ್ಚಿ ನೋಡುವ ಗೋಜಿಗೆ ಕಸುಬು ಹೋಗಲಿಲ್ಲ.

1997ರ ಆಗಸ್ಟ್ 15ರಂದು ಚಿತ್ರದುರ್ಗದಿಂದ ಬೇರ್ಪಟ್ಟು ದಾವಣಗೆರೆ ಜಿಲ್ಲೆ ಆದಾಗ, ಆನಗೋಡು, ಹರಿಹರಗಳ ವಿಳಾಸದ ಕೊನೆಯ ಸಾಲೇ ಬದಲಾಯಿತು. ಕಚೇರಿಗಳ ನಮೂನೆಗಳಿಂದ ಅಂಗಡಿಗಳ ಬಿಲ್ ಪುಸ್ತಕಗಳವರೆಗೆ ಜಿಲ್ಲೆಯ ಹೆಸರನ್ನು ಹೊಸದಾಗಿ ಅಚ್ಚು ಹಾಕಬೇಕಾದ ಆ ಕಾಲ ಮೇಲೆ ಹೇಳಿದ ತುಣುಕು ಫಾಂಟುಗಳ ಉಚ್ಛ್ರಾಯದ ಕಾಲವೂ ಹೌದು. ಹೊಸ ಶತಮಾನದ ಆರಂಭದಲ್ಲಿ ರಾಜ್ಯ ಸರ್ಕಾರ ಕೆ. ಪಿ. ರಾವ್ ವಿನ್ಯಾಸದ ಕೀಲಿಮಣೆಯನ್ನೂ ತುಣುಕುಗಳ ಒಂದು ಸಮಾನ ಪಟ್ಟಿಯನ್ನೂ ಶಿಷ್ಟತೆಯಾಗಿ ಒಪ್ಪಿ, ನುಡಿಯನ್ನು ಉಚಿತವಾಗಿ ಹಂಚುವ ವ್ಯವಸ್ಥೆ ಮಾಡಿದ್ದರಿಂದ ಊರಿಗೊಂದು ಸಂಕೇತ ಎಂಬ ಸ್ಥಿತಿ ಬಹುಮಟ್ಟಿಗೆ ತಗ್ಗಿತು. ಆದರೆ ತುಣುಕು ತುಣುಕಾಗಿಯೇ ಉಳಿಯಿತು. ಕರ್ನಾಟಕ ಎಂಬ ಪದದಲ್ಲಿ ಕಿವಿಗೆ ರಕಾರ ಮೊದಲು, ನಾ ಆಮೇಲೆ. ಕಣ್ಣಿಗೆ ಮಾತ್ರ ನಾ ಮೊದಲು, ಅರ್ಕಾವತ್ತು ಆಮೇಲೆ. ಫಾಂಟು ಕಣ್ಣಿನ ಕ್ರಮವನ್ನು ಹಿಡಿದಿಟ್ಟದ್ದರಿಂದ ಹೆಸರುಗಳನ್ನು ಅಕಾರಾದಿಯಾಗಿ ಜೋಡಿಸುವುದು, ಹುಡುಕುವುದು, ಪದಪಟ್ಟಿಯೊಂದಿಗೆ ಹೋಲಿಸುವುದು ಎಲ್ಲವೂ ಎಡವುತ್ತಿದ್ದವು.

ಕಿವಿಯ ಕ್ರಮವನ್ನು ಹಿಡಿಯುವ ಯೋಚನೆ ಭಾರತಕ್ಕೆ ಹೊಸದಾಗಿರಲಿಲ್ಲ. ಧ್ವನಿಗೊಂದು ಸಂಕೇತ ಎಂಬ ತತ್ತ್ವದ ಮೇಲೆ ಭಾರತೀಯ ಲಿಪಿಗಳೆಲ್ಲಕ್ಕೂ ಒಂದೇ ಚೌಕಟ್ಟು ಹಾಕಿದ ಇಸ್ಕಿ ಶಿಷ್ಟತೆಯನ್ನು ಭಾರತೀಯ ಮಾನಕ ಸಂಸ್ಥೆ 1991ರಲ್ಲಿಯೇ ಪ್ರಕಟಿಸಿತ್ತು. ಅದೇ ವರ್ಷ ಮೊದಲ ಆವೃತ್ತಿ ಕಂಡ ಯೂನಿಕೋಡ್, ಅಂದರೆ ಜಗತ್ತಿನ ಲಿಪಿಗಳಿಗೆಲ್ಲ ಪ್ರತ್ಯೇಕ ಸಂಖ್ಯೆ ಕೊಡುವ ಅಂತರರಾಷ್ಟ್ರೀಯ ವ್ಯವಸ್ಥೆ, ಆ ಚೌಕಟ್ಟನ್ನು ಅನುಸರಿಸಿ ಕನ್ನಡಕ್ಕೆ 128 ಸ್ಥಾನಗಳನ್ನು ಮೀಸಲಿಟ್ಟಿತು. ಯೂನಿಕೋಡಿನಲ್ಲಿ ಆನಗೋಡು ಆರು ಸಂಕೇತಗಳ ಪದ, ಫಾಂಟು ಯಾವುದೇ ಇದ್ದರೂ ಒಳಗಿನ ಸಂಕೇತ ಬದಲಾಗದು. ತುಣುಕುಗಳನ್ನು ಜೋಡಿಸುವ ಭಾರ ಫಾಂಟಿನ ಒಳಗಿನ ನಿಯಮಗಳಿಗೂ ಅವನ್ನು ಓದುವ ತಂತ್ರಾಂಶಕ್ಕೂ ಸೇರಿದ್ದು. 2001ರ ವಿಂಡೋಸ್ ಎಕ್ಸ್‌ಪಿಯೊಂದಿಗೆ ಬಂದ ಕನ್ನಡ ಫಾಂಟಿನ ಹೆಸರು ತುಂಗಾ. ಕೂಡಲಿಯಲ್ಲಿ ಭದ್ರೆಯನ್ನು ಕೂಡಿಕೊಂಡು ಹರಿಹರವನ್ನು ಹಾದುಹೋಗುವ ಹೊಳೆಯ ಹೆಸರು ಜಗತ್ತಿನ ಕಂಪ್ಯೂಟರುಗಳ ಫಾಂಟುಗಳ ಪಟ್ಟಿಯಲ್ಲಿ ಸೇರಿದ್ದು ಹೀಗೆ. ಮುಂದಿನ ದಶಕದಲ್ಲಿ ರಾಜ್ಯ ಸರ್ಕಾರವೂ ಯೂನಿಕೋಡನ್ನು ಶಿಷ್ಟತೆಯಾಗಿ ಸ್ವೀಕರಿಸಿತು. ಆ ದಿಕ್ಕಿನಲ್ಲಿ ದುಡಿದ ತಂತ್ರಾಂಶ ಅಭಿವೃದ್ಧಿ ಸಮಿತಿಗೆ ಅಧ್ಯಕ್ಷರಾಗಿದ್ದವರು ಕುವೆಂಪು ವಿಶ್ವವಿದ್ಯಾಲಯದ ಕುಲಪತಿಯಾಗಿದ್ದ ಕೆ. ಚಿದಾನಂದ ಗೌಡರು. ದಾವಣಗೆರೆಯ ಪಕ್ಕದ ತೋಳಹುಣಸೆಯ ಸ್ನಾತಕೋತ್ತರ ಕೇಂದ್ರ 2009ರಲ್ಲಿ ಸ್ವತಂತ್ರ ವಿಶ್ವವಿದ್ಯಾಲಯವಾಗುವವರೆಗೆ ಅದೇ ಕುವೆಂಪು ವಿಶ್ವವಿದ್ಯಾಲಯದ ಭಾಗವಾಗಿತ್ತು.

ಯೂನಿಕೋಡ್ ಬಂದ ಕೂಡಲೇ ಅಚ್ಚಿನ ಮನೆ ಬೆಳಗಿತೆಂದು ಹೇಳುವಂತಿಲ್ಲ. ಪೇಜ್‌ಮೇಕರಿನ ಕೊನೆಯ ಆವೃತ್ತಿಯಾದ 7.0 ಯೂನಿಕೋಡನ್ನು ಅರಿಯದು; ಅದರೊಳಗೆ ಯೂನಿಕೋಡ್ ಬರಹವನ್ನು ತಂದು ಅಂಟಿಸಿದರೆ ಪ್ರಶ್ನಾರ್ಥಕ ಚಿಹ್ನೆಗಳ ಸಾಲು ಮಾತ್ರ ಬೀಳುತ್ತದೆ. ಇಲ್ಲಿ ಒಂದು ಭೇದವನ್ನು ಗಮನಿಸಬೇಕು: ಪೌಂಡಿನ ಗುರುತುಗಳಾಗಿ ಚೆದರಿದ ಹಳೆಯ ನುಡಿ ಬರಹಕ್ಕೆ ಸರಿಯಾದ ಫಾಂಟು ಹಚ್ಚಿದರೆ ಅದು ಮರಳಿ ಬರುತ್ತದೆ, ಏಕೆಂದರೆ ಸಂಖ್ಯೆಗಳು ಕಡತದಲ್ಲಿ ಹಾಗೆಯೇ ಇರುತ್ತವೆ, ಪ್ರಶ್ನಾರ್ಥಕ ಚಿಹ್ನೆಯಾಗಿ ಉಳಿಸಿದ ಬರಹ ಮರಳುವುದಿಲ್ಲ, ಏಕೆಂದರೆ ಅಲ್ಲಿ ಸಂಖ್ಯೆಯೇ ಅಳಿದಿರುತ್ತದೆ. ಪೇಜ್‌ಮೇಕರಿಗೆ ಒಗ್ಗಿದ ಕೈಗಳು ಆದ್ದರಿಂದ ಬಹುಕಾಲ ಯೂನಿಕೋಡಿನ ಬರಹವನ್ನು ಪರಿವರ್ತಕ ತಂತ್ರಾಂಶದ ಮೂಲಕ ಹಿಂದಕ್ಕೆ ನುಡಿಗೆ ಇಳಿಸಿಯೇ ಪುಟ ಕಟ್ಟಿದವು. ಅಡೋಬ್ ಸಂಸ್ಥೆಯ ಇನ್‌ಡಿಸೈನ್ 2012ರ ಸಿಎಸ್6 ಆವೃತ್ತಿಯಲ್ಲಿ ಕನ್ನಡವೂ ಸೇರಿದಂತೆ ಭಾರತೀಯ ಲಿಪಿಗಳನ್ನು ಒಪ್ಪಿಕೊಂಡಿತು. ಆದರೆ ಪ್ಯಾರಾದ ವಿನ್ಯಾಸಕ್ಕೆ ‘ವರ್ಲ್ಡ್ ರೆಡಿ’ ಎಂಬ ಜೋಡಣಾ ಕ್ರಮವನ್ನು ಆರಿಸದಿದ್ದರೆ ಒತ್ತಕ್ಷರಗಳು ಒಡೆದು ಹಲಂತ ಚಿಹ್ನೆಯೊಂದಿಗೆ ನಿಲ್ಲುತ್ತವೆ. ಉಚಿತ ತಂತ್ರಾಂಶಗಳಲ್ಲಿ ಸ್ಕ್ರೈಬಸ್ 2017ರ 1.5.3 ಆವೃತ್ತಿಯಲ್ಲಿ ಹಾರ್ಫ್‌ಬಜ್ ಎಂಬ ಅಕ್ಷರ ಜೋಡಣೆಯ ಯಂತ್ರವನ್ನು ಅಳವಡಿಸಿಕೊಂಡ ಮೇಲೆಯೇ ಕನ್ನಡ ಅಲ್ಲಿ ಓದುವಂತಾಯಿತು. ಲಿಬ್ರೆ ಆಫೀಸಿನಲ್ಲಿ ಪಾಶ್ಚಾತ್ಯ, ಪೂರ್ವ ಏಷ್ಯಾದ ಮತ್ತು ಸಂಕೀರ್ಣ ಲಿಪಿಗಳಿಗೆ ಫಾಂಟನ್ನೂ ಭಾಷೆಯನ್ನೂ ಬೇರೆ ಬೇರೆಯಾಗಿ ಹೊಂದಿಸಬೇಕು. ಕನ್ನಡ ಸಂಕೀರ್ಣ ಲಿಪಿಗಳ ಗುಂಪಿನದು ಎಂಬುದು ತಿಳಿಯದೆ ಮೊದಲ ಪೆಟ್ಟಿಗೆಯಲ್ಲಿ ಫಾಂಟು ಬದಲಿಸಿ, ಅಕ್ಷರ ಬದಲಾಗಲಿಲ್ಲವೆಂದು ತಂತ್ರಾಂಶವನ್ನೇ ಕೈಬಿಟ್ಟವರು ಕಡಿಮೆಯಿಲ್ಲ.

ಕಾಗುಣಿತದ ಪದಪಟ್ಟಿಗೆ ದಾರಿ ತೆರೆದದ್ದು ಈ ಹಂತದಲ್ಲಿ. ಇನ್‌ಡಿಸೈನ್, ಲಿಬ್ರೆ ಆಫೀಸ್, ಸ್ಕ್ರೈಬಸ್ ಮೂರೂ ಬಳಸುವ ಹನ್‌ಸ್ಪೆಲ್ ಎಂಬ ಪರೀಕ್ಷಕವನ್ನು ಲಾಸ್ಲೊ ನೇಮೆತ್ ರೂಪಿಸಿದ್ದು ಹಂಗೇರಿಯನ್ ಭಾಷೆಗಾಗಿ. ಅದೂ ಕನ್ನಡದಂತೆ ಪದಕ್ಕೆ ಪ್ರತ್ಯಯಗಳನ್ನು ಒಂದರ ಬೆನ್ನಿಗೊಂದು ಹಚ್ಚುತ್ತಾ ಹೋಗುವ ಭಾಷೆಯಾದ್ದರಿಂದ, ಹನ್‌ಸ್ಪೆಲ್ ಎರಡು ಕಡತಗಳನ್ನು ಬೇಡುತ್ತದೆ: ಒಂದು ಮೂಲಪದಗಳ ಪಟ್ಟಿ, ಇನ್ನೊಂದು ಯಾವ ವರ್ಗದ ಪದಕ್ಕೆ ಯಾವ ಪ್ರತ್ಯಯ ಹೇಗೆ ಹತ್ತುತ್ತದೆ ಎಂಬ ನಿಯಮಗಳ ಪಟ್ಟಿ. ಆನಗೋಡು, ದಾವಣಗೆರೆ, ಹರಿಹರ ಎಂಬ ಮೂರು ಹೆಸರುಗಳು ಇಲ್ಲಿ ಮೂರು ನಿಯಮಗುಂಪುಗಳಾಗುತ್ತವೆ. ನಿಯಮವಿಲ್ಲದೆ ಬರಿಯ ಪದಪಟ್ಟಿಯನ್ನು ಉದ್ದಗೊಳಿಸುತ್ತಾ ಹೋದರೆ ಆನಗೋಡು ಒಂದಕ್ಕೇ ಆನಗೋಡನ್ನು, ಆನಗೋಡಿನಿಂದ, ಆನಗೋಡಿಗೆ, ಆನಗೋಡಿನ, ಆನಗೋಡಿನಲ್ಲಿ ಎಂಬ ವಿಭಕ್ತಿರೂಪಗಳನ್ನೂ, ಅವುಗಳಿಗೆ ಊ, ಏ, ಓ ಸೇರಿದ ಆನಗೋಡಿಗೂ, ಆನಗೋಡಿನಲ್ಲಿಯೇ ಎಂಬಂಥವನ್ನೂ, ಆನಗೋಡಿನವರಿಗೂ ಎಂಬಂತೆ ಊರಿನಿಂದ ಊರವರಿಗೆ ದಾಟಿದ ರೂಪಗಳನ್ನೂ ಬರೆಯಬೇಕಾಗುತ್ತದೆ. ಸಂಧಿಯಾಗಿ ಮುಂದಿನ ಪದ ಅಂಟಿಕೊಂಡರೆ ಲೆಕ್ಕ ತಪ್ಪುತ್ತದೆ. ಹನ್‌ಸ್ಪೆಲ್ ಎರಡು ಪದರದ ಪ್ರತ್ಯಯಗಳನ್ನು ಕಳಚಬಲ್ಲದು, ಕನ್ನಡದ ಸಾಮಾನ್ಯ ವಾಕ್ಯ ಮೂರು ನಾಲ್ಕನ್ನು ಪೇರಿಸುತ್ತದೆ. ಕನ್ನಡ ಸಾಹಿತ್ಯ ಪರಿಷತ್ತು ದಶಕಗಳ ದುಡಿಮೆಯಿಂದ ಎಂಟು ಸಂಪುಟಗಳಲ್ಲಿ ಪೂರ್ಣಗೊಳಿಸಿದ ನಿಘಂಟು ಅರ್ಥಕೋಶವಾಗಿ ಅಸಾಧಾರಣವಾದದ್ದಾದರೂ, ಯಂತ್ರಕ್ಕೆ ಬೇಕಾಗಿರುವುದು ಪದದ ಅರ್ಥಕ್ಕಿಂತ ಅದರ ರೂಪಾವಳಿ.

ಅದರ ಮೇಲೆ, ಕಣ್ಣಿಗೆ ಒಂದೇ ಆಗಿ ಕಾಣುವ ಪದ ಕಡತದಲ್ಲಿ ಒಂದೇ ಆಗಿರಬೇಕೆಂಬ ನಿಯಮವೂ ಇಲ್ಲ. ಆನಗೋಡು ಎಂಬುದರ ಗೋ ಅಕ್ಷರವನ್ನು ಯೂನಿಕೋಡಿನಲ್ಲಿ ಮೂರು ಬಗೆಯಾಗಿ ಬರೆಯಬಹುದು: ಗಕಾರಕ್ಕೆ ಓಕಾರದ ಒಂದೇ ಚಿಹ್ನೆ, ಒಕಾರದ ಚಿಹ್ನೆ ಮತ್ತು ದೀರ್ಘದ ಚಿಹ್ನೆ, ಎತ್ವ, ಕೊಂಬು, ದೀರ್ಘ ಎಂಬ ಮೂರು ಚಿಹ್ನೆಗಳು. ಮೂರೂ ಸಮಾನವೆಂದು ಯೂನಿಕೋಡ್ ಹೇಳುತ್ತದೆ, ಆದರೆ ಆ ಸಮಾನತೆಯನ್ನು ಪಾಲಿಸದ ತಂತ್ರಾಂಶದಲ್ಲಿ ಒಂದು ರೂಪ ಸರಿಯಾಗಿಯೂ ಉಳಿದೆರಡು ತಪ್ಪಾಗಿಯೂ ತೋರುತ್ತವೆ. ಕೆಂಪು ಗೆರೆಯನ್ನು ನೋಡುವವರಿಗೆ ತಪ್ಪೇನೆಂದು ಎಷ್ಟು ಕಣ್ಣರಳಿಸಿದರೂ ಕಾಣುವುದಿಲ್ಲ. ಇದರ ಜೊತೆಗೆ ಪರದೆಯಲ್ಲಿ ಕಾಣದ ಎರಡು ಸಂಕೇತಗಳಿವೆ. ರ‍್ಯಾಂಕ್ ಎಂಬಲ್ಲಿ ರಕಾರ ಅರ್ಕಾವತ್ತಾಗದಂತೆ ಹಿಡಿದಿಡುವುದು ಒಂದು, ಸಾಫ್ಟ್‌ವೇರ್ ಎಂಬಲ್ಲಿ ವಕಾರ ಒತ್ತಾಗಿ ಕೆಳಗಿಳಿಯದಂತೆ ತಡೆಯುವುದು ಇನ್ನೊಂದು. ಪದಪಟ್ಟಿ ಅವನ್ನು ಬಳಸಿದ್ದು ಬರಹ ಬಳಸದಿದ್ದರೂ, ಬರಹ ಬಳಸಿದ್ದು ಪಟ್ಟಿ ಬಳಸದಿದ್ದರೂ ಗೆರೆ ಬೀಳುತ್ತದೆ. ಹೊಯ್ಸಳರ ಮಂತ್ರಿ ಪೋಲಾಳ್ವ 1224ರಲ್ಲಿ ಕಟ್ಟಿಸಿದ ಹರಿಹರೇಶ್ವರ ದೇವಾಲಯದಂಥ ತಾಣಗಳ ಚರಿತ್ರೆಯನ್ನು ಅಚ್ಚಿಗೆ ಸಿದ್ಧಪಡಿಸುವವರಿಗೆ ಹಳಗನ್ನಡದ ಱ ಮತ್ತು ೞ ಅಕ್ಷರಗಳೂ ಬೇಕಾಗಬಹುದು. ಎಲ್ಲ ಫಾಂಟುಗಳಲ್ಲಿ ಅವು ಇರುವುದಿಲ್ಲ. ಇವುಗಳಲ್ಲಿ ೞ ಅಕ್ಷರಕ್ಕೆ ಯೂನಿಕೋಡ್ ಆರಂಭದಲ್ಲಿ ತಪ್ಪಾಗಿ ‘ಫ’ ಎಂದು ಹೆಸರಿಟ್ಟಿತು. ಒಮ್ಮೆ ಇಟ್ಟ ಹೆಸರನ್ನು ಬದಲಿಸಬಾರದೆಂಬುದು ಅದರ ನೀತಿಯಾದ್ದರಿಂದ ಆ ತಪ್ಪು ಇಂದಿಗೂ ಪಟ್ಟಿಯಲ್ಲಿದೆ. ಕಾಗುಣಿತದ ಕಾವಲುಗಾರನ ದಾಖಲೆಯಲ್ಲಿಯೇ ಕಾಗುಣಿತದ ತಪ್ಪು!

ಈ ಎಲ್ಲ ಕೊರತೆಗಳ ನಡುವೆಯೂ ಪರಿಸ್ಥಿತಿ ತೊಂಬತ್ತರ ದಶಕದ್ದಲ್ಲ. ಫೆಡೋರಾದಂತಹ ಲಿನಕ್ಸ್ ವಿತರಣೆಗಳಲ್ಲಿ ಹನ್‌ಸ್ಪೆಲ್ಲಿನ ಕನ್ನಡ ಪಟ್ಟಿ ದೊರೆಯುತ್ತದೆ. ಗುಬ್ಬಿ, ನವಿಲು ಮುಂತಾದ ಮುಕ್ತ ಫಾಂಟುಗಳಿವೆ. ನುಡಿಯ ತುಣುಕುಗಳನ್ನು ಯೂನಿಕೋಡಿಗೆ ತರುವ ಪರಿವರ್ತಕಗಳು ಉಚಿತವಾಗಿವೆ. ಆದರೂ ಪರಿವರ್ತಕ ಫಾಂಟಿನ ಹೆಸರನ್ನು ನಂಬಿ ನಡೆಯುವ ಯಂತ್ರ. ಒಂದು ಪುಸ್ತಕದಲ್ಲಿ ತಲೆಬರಹ ಶ್ರೀಲಿಪಿಯಲ್ಲಿ, ಒಡಲು ನುಡಿಯಲ್ಲಿ, ನಡುವೆ ಇಂಗ್ಲಿಷಿನ ನಾಲ್ಕು ಪದ ಎಂಬಂತಿದ್ದರೆ ಎಲ್ಲವನ್ನೂ ನುಡಿಯೆಂದೇ ಓದಿ, ತಲೆಬರಹವನ್ನು ಅರ್ಥಹೀನವಾಗಿಸಿ, ಇಂಗ್ಲಿಷ್ ಪದಗಳನ್ನೂ ಕನ್ನಡದ ತುಣುಕುಗಳಾಗಿ ಒಡೆದಿಡುತ್ತದೆ. ಅರ್ಕಾವತ್ತಿನ ಸ್ಥಾನಪಲ್ಲಟ ತಪ್ಪಿದ ಪದಗಳು ಅಲ್ಲಲ್ಲಿ ಉಳಿಯುತ್ತವೆ. ಅಂಥವನ್ನು ಹಿಡಿಯಲು ಇಂದಿಗೂ ಕರಡು ತಿದ್ದುವವರ ಕಣ್ಣೇ ಬೇಕು, ಮತ್ತು ಆ ಕಣ್ಣಿಗೆ ಕೊಡುವ ಸಂಭಾವನೆಯನ್ನು ಡಿಟಿಪಿಯ ದರದಲ್ಲಿಯೇ ಸೇರಿಸಿಬಿಟ್ಟ ಕಾಲದಿಂದ ಆ ಕಸುಬು ಕ್ಷೀಣಿಸುತ್ತಾ ಬಂದಿದೆ.

ದಾವಣಗೆರೆ, ಹರಿಹರ ಮತ್ತು ಸುತ್ತಣ ಹೋಬಳಿಗಳಲ್ಲಿ ತೊಂಬತ್ತರ ದಶಕದಿಂದ ಈಚೆಗೆ ಅಚ್ಚಾದ ಊರಿನ ಚರಿತ್ರೆ, ಜಾತ್ರೆಯ ಸ್ಮರಣ ಸಂಚಿಕೆ, ಸಹಕಾರ ಸಂಘದ ವರದಿ, ಅಭಿನಂದನ ಗ್ರಂಥಗಳ ಮೂಲ ಕಡತಗಳನ್ನು ಇಟ್ಟುಕೊಂಡಿರುವವರು ಹಳೆಯ ಕಂಪ್ಯೂಟರನ್ನು ಗುಜರಿಗೆ ಹಾಕುವ ಮುನ್ನ ಕಡತದ ಜೊತೆಗೆ ಅದರ ಫಾಂಟನ್ನೂ, ಫಾಂಟಿನ ಹೆಸರು ಮತ್ತು ಆವೃತ್ತಿ ಬರೆದ ಒಂದು ಚೀಟಿಯನ್ನೂ, ಅಚ್ಚಾದ ರೂಪದ ಪಿಡಿಎಫ್ ಪ್ರತಿಯನ್ನೂ ತೆಗೆದಿಡಬೇಕು; ಯೂನಿಕೋಡಿಗೆ ಪರಿವರ್ತಿಸಿದ ಮೇಲೆಯೂ ಮೂಲವನ್ನು ಅಳಿಸಬಾರದು.